ಬಾವಿ ಪಕ್ಕದ ತಿಪ್ಪೆ

ನನ್ನನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ ಎಂಬ ಸುದ್ದಿ ಬಂದಾಗ ನಮ್ಮಪ್ಪ ಮೊದಲು ಮಾಡಿದ ಕೆಲಸ ನನಗೆ ಸೀರೆ ತರುವುದಲ್ಲ, ತಿಪ್ಪೆ ದೊಡ್ಡದು ಮಾಡುವುದು. ನಗಬೇಡಿ. ಜಕ್ಕೂರಿನಿಂದ ಯಲಹಂಕದವರೆಗಿನ ನಮ್ಮ ಹಳ್ಳಿಗಳಲ್ಲಿ ಆಗ, ಅಂದರೆ ಎಂಬತ್ತರ ದಶಕದ ನಡುವಿನ ವರ್ಷಗಳಲ್ಲೂ, ಹೆಣ್ಣು ನೋಡಲು ಬಂದವರು ಹೊಸ್ತಿಲು ದಾಟುವ ಮೊದಲು ಮನೆ ಮುಂದಿನ ಗೊಬ್ಬರದ ಗುಡ್ಡೆಯನ್ನು ಕಣ್ಣಲ್ಲೇ ಅಳೆಯುತ್ತಿದ್ದರು. ತಿಪ್ಪೆ ದೊಡ್ಡದಿದ್ದರೆ ದನ ಇವೆ, ದನ ಇದ್ದರೆ ಹೊಲ ಇದೆ, ಹೊಲ ಇದ್ದರೆ ಮನೆ ಗಟ್ಟಿ ಎಂಬ ಲೆಕ್ಕ. ಹುಡುಗಿಯ ಮೂಗು ಸೊಟ್ಟಗಿದೆಯೋ ನೆಟ್ಟಗಿದೆಯೋ ಎಂಬುದು ಆಮೇಲಿನ ಮಾತು. ನಾನು ಯಲಹಂಕದ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದೆ. ಅದನ್ನು ಯಾರು ಕೇಳಬೇಕು!

ನಮ್ಮ ಮನೆ ಬಳ್ಳಾರಿ ರಸ್ತೆಯಿಂದ ಸ್ವಲ್ಪ ಒಳಗೆ, ನೆಲ ಕೆರೆಯ ಕಡೆಗೆ ಇಳಿಯುವ ಜಾಗದಲ್ಲಿತ್ತು. ಮೇಲ್ಭಾಗದಲ್ಲಿ ಕೊಟ್ಟಿಗೆ, ಅದರ ಮುಂದೆ ದಾರಿಯಲ್ಲಿ ಹೋಗುವವರಿಗೆ ಎದ್ದು ಕಾಣುವ ಹಾಗೆ ತಿಪ್ಪೆ, ತಿಪ್ಪೆಯ ಕೆಳಗೆ ಬಾವಿ. ಕಲ್ಲು ಕಟ್ಟಿದ ಹಳೆಯ ಬಾವಿ ಅದು. ಸುತ್ತಮುತ್ತಲ ಬಾವಿಗಳ ನೀರು ಸವಳು, ನಮ್ಮದು ಸಿಹಿ. ಆ ನೀರಿಗೆ ಇಟ್ಟ ತೊಗರಿಬೇಳೆ ಬೆಣ್ಣೆಯ ಹಾಗೆ ಬೇಯುತ್ತದೆ ಎಂದು ಊರಿನ ಹೆಂಗಸರೆಲ್ಲ ಬಿಂದಿಗೆ ಹಿಡಿದು ನಮ್ಮ ಅಂಗಳಕ್ಕೆ ಬರುತ್ತಿದ್ದರು. ಅಪ್ಪ ಬೆಳಿಗ್ಗೆ ಜಗಲಿಯ ಮೇಲೆ ಕಾಲು ಚಾಚಿ ಕೂತು, ಸಾಲಿನಲ್ಲಿ ನಿಂತವರನ್ನು ನೋಡಿ ಒಳಗೊಳಗೇ ಬೀಗುತ್ತಿದ್ದರು. ಅವರಿಗೆ ಬೇರೆ ಚಟವಿರಲಿಲ್ಲ, ಇದೊಂದೇ.

ಹೀಗೆ ಬರುವವರಲ್ಲಿ ನನಗೆ ಬಹಳ ಬೇಕಾದವರು ಪಕ್ಕದ ಮನೆಯ ಚಾಚಿ. ಮನೆಯಲ್ಲಿ ಅವರು ಮಾತಾಡುವುದು ದಖನಿ ಉರ್ದು, ನಮ್ಮ ಹತ್ತಿರ ನಮಗಿಂತ ಚೆನ್ನಾದ ಕನ್ನಡ. ಅವರ ಯಜಮಾನರು ಊರೂರು ತಿರುಗಿ ನೀರೆತ್ತುವ ಪಂಪುಗಳನ್ನು ರಿಪೇರಿ ಮಾಡುತ್ತಿದ್ದರು. ಚಾಚಿ ಬಿಂದಿಗೆ ತುಂಬಿಸಿ ಕಟ್ಟೆಯ ಮೇಲಿಟ್ಟು, ಅರ್ಧ ಗಂಟೆ ನನ್ನ ಜೊತೆ ಹರಟಿ, ಮತ್ತೆ ನೀರು ಬಿಸಿಯಾಯಿತೆಂದು ಚೆಲ್ಲಿ ಹೊಸದು ಸೇದಿಕೊಂಡು ಹೋಗುವ ಪೈಕಿ.

ಆ ಬೇಸಿಗೆಯಲ್ಲಿ ಸಂಬಂಧ ತಂದವನು ಬಂದು, ಗಂಡಿನ ಕಡೆಯವರು ಆಷಾಢ ಕಳೆದ ಮೇಲೆ ಬರುತ್ತಾರಂತೆ ಎಂದ. ಅಷ್ಟೇ ಸಾಕಾಯಿತು. ನಮ್ಮಲ್ಲಿ ಆಗ ಇದ್ದದ್ದು ಎರಡು ಎತ್ತು, ಎರಡು ಹಸು. ಅವು ಹಾಕುವ ಸಗಣಿಯಲ್ಲಿ ಎಷ್ಟು ದೊಡ್ಡ ತಿಪ್ಪೆಯಾದೀತು? ಅಪ್ಪ ಹೆಬ್ಬಾಳದ ಕಡೆಯ ಕೋಳಿ ಫಾರಂ ಒಂದರಿಂದ ಎರಡು ಲಾರಿ ಕೋಳಿ ಗೊಬ್ಬರ ತರಿಸಿ, ಹಳೆಯ ತಿಪ್ಪೆಯ ಮೇಲೆಯೇ ಸುರಿಸಿದರು. ಹೂಕೋಸಿಗೂ ಆಯಿತು, ಗಂಡಿನ ಕಡೆಯವರ ಕಣ್ಣಿಗೂ ಆಯಿತು ಎಂದು ಅವರ ಯೋಚನೆ. ಅಬ್ಬಬ್ಬಾ, ಆ ವಾಸನೆ! ಜಕ್ಕೂರಿನ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನಗಳು ನಮ್ಮ ಮನೆಯ ಮೇಲೇ ಹಾರುತ್ತಿದ್ದವು. ಅದರಲ್ಲಿ ಕೂತವರೂ ಮೂಗು ಮುಚ್ಚಿಕೊಂಡಿರಬೇಕು ಎಂದು ನಾನು ಅಂದರೆ ಅಪ್ಪ ಕೆಕ್ಕರಿಸಿ ನೋಡಿದರು.

ನಿಜ ಹೇಳಬೇಕೆಂದರೆ ಬಿಸಿಲಿರುವ ತನಕ ವಾಸನೆ ಬಿಟ್ಟರೆ ಬೇರೆ ತೊಂದರೆ ಕಾಣಲಿಲ್ಲ. ಮುಂಗಾರು ಹಿಡಿದ ಮೇಲೆ ಶುರುವಾಯಿತು. ಒಂದು ಬೆಳಿಗ್ಗೆ, ರಾತ್ರಿಯೆಲ್ಲ ಸುರಿದ ಮಳೆ ನಿಂತ ಮೇಲೆ, ಕಸ ಗುಡಿಸಲು ಹೊರಗೆ ಬಂದೆ. ತಿಪ್ಪೆಯ ಬುಡದಿಂದ ಕಾಫಿ ಡಿಕಾಕ್ಷನ್ ಬಣ್ಣದ ನೀರು ಸಣ್ಣಗೆ ಹರಿದು, ಅಂಗಳದ ಇಳಿಜಾರಿನಲ್ಲಿ ದಾರಿ ಮಾಡಿಕೊಂಡು, ಬಾವಿಯ ಕಟ್ಟೆಯ ಹತ್ತಿರ ಹೋಗಿ ಕಲ್ಲಿನ ಸಂದಿಯಲ್ಲಿ ಇಳಿಯುತ್ತಿತ್ತು. ಪೊರಕೆ ಅಲ್ಲೇ ಬಿಸಾಕಿ ಅಪ್ಪನನ್ನು ಕರೆದೆ.

ಅಪ್ಪ ಬಂದು ನೋಡಿದರು. ಕಾಲಲ್ಲಿ ಒಂದಿಷ್ಟು ಮಣ್ಣು ತಳ್ಳಿ ಆ ದಾರಿ ಮುಚ್ಚಿದರು.

"ಆಯ್ತಲ್ಲಮ್ಮಣ್ಣಿ, ಇನ್ನೇನು?"

"ಮ್ಯಾಲೆ ಮಣ್ಣು ಮುಚ್ಚುದ್ರೆ ಒಳಗೆ ಇಳಿಯೋದು ನಿಲ್ತದಾ? ತಿಪ್ಪೆ ಎತ್ತಿ ಹಿಂದ್ಗಡೆ ಆಕ್ಸಪ್ಪ."

"ನಮ್ ತಾತನ ಕಾಲ್ದಿಂದ ಅಲ್ಲೇ ಐತೆ ತಿಪ್ಪೆ. ಯಾವತ್ತಾದ್ರೂ ಬಾವಿ ಕೆಟ್ಟಿತ್ತಾ? ಈಗ ಗಂಡಿನೋರು ಬರೋ ಒತ್ನಲ್ಲಿ ಎತ್ತಿ ಹಿಂದ್ಗಡೆ ಆಕುದ್ರೆ ಮನೆ ಮುಂದೆ ಏನ್ ಇರ್ತೈತೆ, ನಿನ್ ಮಕ?"

ತಾತನ ಕಾಲದಲ್ಲಿ ಇದ್ದದ್ದು ಮೊಣಕಾಲೆತ್ತರದ ಒಣ ತಿಪ್ಪೆ. ಅದನ್ನು ವರ್ಷವರ್ಷ ರಾಗಿ ಹೊಲಕ್ಕೆ ಹೊಡೆದು ಖಾಲಿ ಮಾಡುತ್ತಿದ್ದರು. ಈಗ ನಿಂತಿದ್ದದ್ದು ಆಳೆತ್ತರದ, ನೀರು ಕುಡಿದು ಉಬ್ಬಿದ ಕೋಳಿ ಗೊಬ್ಬರದ ಗುಡ್ಡೆ. ಇದನ್ನೆಲ್ಲ ಹೇಳಿದೆ, ಜೋರಾಗಿಯೇ ಹೇಳಿದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅಪ್ಪನಿಗೂ ಹಾಗೆಯೇ. ಇಬ್ಬರ ಕೂಗಾಟ ಕೇಳಿ ಹಸು ಬೆದರಿತು. ಕೆಲಸವೇನೂ ಆಗಲಿಲ್ಲ.

ಕೆಲವು ದಿನಕ್ಕೆ ನೀರಿನ ಬಣ್ಣ ಬದಲಾಯಿತು. ಮೊದಲು ಲೇಸಾಗಿ ಹಳದಿ, ಆಮೇಲೆ ಬಿಂದಿಗೆಯಲ್ಲಿ ಒಂದು ರಾತ್ರಿ ಇಟ್ಟರೆ ಮೇಲೆ ಸಣ್ಣ ಕೆನೆ. ವಾಸನೆಯಂತೂ ಮೂಗಿಗೆ ಹತ್ತಿರ ತಂದರೆ ಸಾಕು. ಅಷ್ಟರಲ್ಲಿ ಬಾಣಂತನ ಮುಗಿಸಿಕೊಂಡು ಅತ್ತಿಗೆ ತವರಿನಿಂದ ಬಂದರು, ಐದು ತಿಂಗಳ ಕೂಸಿನ ಜೊತೆ. ಬಂದ ವಾರವೇ ಕೂಸಿಗೆ ಭೇದಿ ಹತ್ತಿತು. ಕೈಕಾಲು ಬತ್ತಿ, ಅಳುವುದಕ್ಕೂ ಶಕ್ತಿಯಿಲ್ಲದೆ ಮುಲುಗುತ್ತಿತ್ತು. ಯಲಹಂಕದ ಡಾಕ್ಟರಮ್ಮ ಕೂಸನ್ನು ನೋಡಿ, ಔಷಧಿ ಕೊಟ್ಟು, "ಕುಡಿಯೋ ನೀರು ಎಲ್ಲಿಂದು?" ಎಂದು ಕೇಳಿದರು. ಬಾವಿಯದು ಎಂದೆವು. "ಬಾವಿ ಹತ್ರ ಏನಿದೆ?" ಎಂದರು. ಅತ್ತಿಗೆ ನನ್ನ ಮುಖ ನೋಡಿದರು. ನಾನೇ ಬಾಯಿ ಬಿಟ್ಟು ಹೇಳಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ಆ ನೀರನ್ನು ಮಗುವಿಗೆ ಕಾಯಿಸಿಯೂ ಕೊಡಬೇಡಿ, ಗೊಬ್ಬರದಿಂದ ಇಳಿದದ್ದೆಲ್ಲ ಕಾಯಿಸಿದರೆ ಹೋಗುವಂಥದ್ದಲ್ಲ ಎಂದರು. ಅಪ್ಪ ಕೂಗಾಡುತ್ತಾರೆಂದು ಅಮ್ಮ ಈ ಮಾತನ್ನು ಅವರ ಕಿವಿಗೆ ಹಾಕಲಿಲ್ಲ, ನಮಗೂ ಹಾಕಗೊಡಲಿಲ್ಲ.

ಅವತ್ತಿನಿಂದ ಅಮ್ಮ ಬೆಳಗಾಗುವ ಮೊದಲೇ ಎದ್ದು ಬಳ್ಳಾರಿ ರಸ್ತೆ ಪಕ್ಕದ ಬೋರ್‌ವೆಲ್ ಪಂಪಿಗೆ ಹೋಗಿ, ಕೈಯಲ್ಲಿ ಒತ್ತಿ ಒತ್ತಿ ಒಂದು ಬಿಂದಿಗೆ ನೀರು ತರುತ್ತಿದ್ದರು. ಸ್ವಲ್ಪ ಸಪ್ಪೆ ನೀರು, ಆದರೂ ಸ್ವಚ್ಛ. ಕೂಸು ಚೇತರಿಸಿಕೊಂಡಿತು. ಆ ಒಂದು ಬಿಂದಿಗೆ ಕೂಸಿಗೂ ಅತ್ತಿಗೆಗೂ ಎಂದು ನಾನು ತಿಳಿದಿದ್ದೆ. ಉಳಿದವರೆಲ್ಲ ಬಾವಿಯದನ್ನೇ ಕಾಯಿಸಿ, ಬಟ್ಟೆಯಲ್ಲಿ ಸೋಸಿ, ಮೂಗು ಹಿಡಿದು ಕುಡಿಯುತ್ತಿದ್ದೆವು. ಅಣ್ಣನಿಗೆ ಈ ಪಾಡಿರಲಿಲ್ಲ, ದಾಸರಹಳ್ಳಿ ಕಡೆಯ ಫ್ಯಾಕ್ಟರಿಯಲ್ಲಿ ಕೆಲಸ, ವಾರಕ್ಕೊಮ್ಮೆ ಬರುವುದು.

ಊರಿನವರು ಒಬ್ಬೊಬ್ಬರೇ ಬರುವುದು ಬಿಟ್ಟರು. ಯಾರೂ ಜಗಳವಾಡಲಿಲ್ಲ. ನಮ್ಮ ಬಾಗಿಲ ಮುಂದೆ ಬಿಂದಿಗೆ ಹಿಡಿದು ಹಾದು, ತಲೆ ತಗ್ಗಿಸಿ ಬೋರ್‌ವೆಲ್ ಕಡೆ ಹೋಗಿಬಿಡುತ್ತಿದ್ದರು. ಚಾಚಿ ಮಾತ್ರ ನೇರವಾಗಿ ಅಪ್ಪನ ಮುಂದೆ ಬಂದು ನಿಂತರು.

"ಅಣ್ಣಾ, ಬೇಜಾರ್ ಮಾಡ್ಕೋಬೇಡಿ. ನೀರು ವಾಸ್ನೆ ಬರ್ತಾ ಇದೆ. ನಮ್ಮ ಯಜಮಾನ್ರು ಬಾಯಿಗಿಟ್ಟು ಉಗಿದ್ಬಿಟ್ರು. ಈ ತಿಪ್ಪೆ ಸ್ವಲ್ಪ ಆ ಕಡೆ ಹಾಕ್ಸಿ."

"ನಾನು ದಿನಾ ಇದೇ ನೀರು ಕುಡಿತಿವ್ನಿ ಕಣಮ್ಮ. ನಂಗ್ಯಾವ ವಾಸ್ನೆನೂ ಬರಲ್ವಲ್ಲ? ಯಾರೋ ಏನೋ ಹಬ್ಬಿಸ್ತಾವ್ರೆ, ನೀವೂ ನಂಬ್ತೀರಿ."

ಚಾಚಿ ಬಂದ ದಾರಿಯಲ್ಲೇ ತಿರುಗಿ ಹೋದರು. ಮರುದಿನದಿಂದ ಅವರೂ ಬೋರ್‌ವೆಲ್ ದಾರಿ ಹಿಡಿದರು. ಕಟ್ಟೆಯ ಮೇಲಿನ ಹರಟೆ ನಿಂತುಹೋಯಿತು. ನನಗೆ ಅಳು ಬಂತು, ಸಿಟ್ಟೂ ಬಂತು. ಸಿಟ್ಟು ಯಾಕೆಂದರೆ ಅಪ್ಪ ಸುಳ್ಳು ಹೇಳುವ ಮನುಷ್ಯರಲ್ಲ. ಎಲ್ಲರ ಮುಂದೆಯೂ ಅದೇ ಮಾತು, 'ನಾನು ದಿನಾ ಕುಡಿತಿವ್ನಿ.' ಹಾಗಾದರೆ ಇವರ ನಾಲಿಗೆಗೆ ಏನಾಗಿದೆ? ಕೃಷಿ ಇಲಾಖೆಯ ಗ್ರಾಮಸೇವಕರು ಸೈಕಲ್ಲಿನಲ್ಲಿ ಬಂದು, ಗೊಬ್ಬರ ಬಾವಿಯ ಮೇಲ್ಭಾಗದಲ್ಲಿರಬಾರದು, ಮಟ್ಟಸ ಜಾಗದಲ್ಲಿ ಗುಂಡಿ ತೆಗೆದು ಸುತ್ತ ಬದು ಕಟ್ಟಿ ಮೇಲೆ ಹೊದಿಕೆ ಹಾಕಬೇಕು ಎಂದೆಲ್ಲ ಹೇಳಿದರು. ಅಪ್ಪ ಅವರಿಗೂ ಅದನ್ನೇ ಹೇಳಿ, ಕಾಫಿ ಕುಡಿಸಿ ಕಳಿಸಿದರು.

ಶ್ರಾವಣದ ಒಂದು ಸೋಮವಾರ ಗಂಡಿನ ಕಡೆಯವರು ಬಂದರು. ಹುಡುಗ ಬಂದಿರಲಿಲ್ಲ. ಅವನ ಅಮ್ಮ, ಇನ್ನಿಬ್ಬರು ಹೆಂಗಸರು, ಎಲ್ಲರಿಗೂ ಯಜಮಾನನಂತೆ ಬಿಳಿ ಪಂಚೆಯ ಸೋದರಮಾವ. ಕಾರಿನಿಂದ ಇಳಿದವರೇ ಆ ಸೋದರಮಾವ ಸೊಂಟದ ಮೇಲೆ ಕೈಯಿಟ್ಟು ತಿಪ್ಪೆಯ ಮುಂದೆ ನಿಂತರು. ಒಳಗಿನಿಂದ ಕಿಟಕಿಯಲ್ಲಿ ನೋಡುತ್ತಿದ್ದ ನನಗೆ ಮೈಯೆಲ್ಲ ಉರಿಯಿತು.

"ಭೇಷ್! ಏನ್ ಗೌಡ್ರೇ, ಗೊಬ್ಬರ ಗುಡ್ಡ ಮಾಡಿದ್ದೀರಲ್ಲ!"

"ಏನೋ, ದೇವರು ಕೊಟ್ಟಿದ್ದು," ಎಂದರು ಅಪ್ಪ. ದೇವರಲ್ಲ, ಕೋಳಿ ಎಂದು ಕೂಗಿ ಹೇಳಬೇಕೆನಿಸಿತು.

ಮನೆಗೆ ಬಂದವರಿಗೆ ಮೊದಲು ಕೈಕಾಲಿಗೆ ನೀರು, ಆಮೇಲೆ ಕುಡಿಯುವುದಕ್ಕೆ ನೀರು. ಅದಾದ ಮೇಲೆಯೇ ಉಪ್ಪಿಟ್ಟು ಕಾಫಿ. ನೀರು ಕೊಡುವುದು ಹುಡುಗಿಯ ಕೆಲಸ. ನಾನು ಅಡಿಗೆಮನೆಯಲ್ಲಿ ಹಿತ್ತಾಳೆ ಚೊಂಬು ಕೈಗೆತ್ತಿಕೊಂಡು, ಬಾವಿಯ ನೀರಿನ ಹಂಡೆಗೆ ಅದ್ದಲು ಹೋದೆ. ಅಮ್ಮ ಓಡಿಬಂದು ಕೈ ಹಿಡಿದರು.

"ಅದಲ್ಲ ಕಣೆ! ಬೋರ್‌ವೆಲ್ ನೀರು ಬಿಂದಿಗೇಲಿ ಐತೆ, ಅದ್ನ ಕೊಡು. ನಿಮ್ಮಪ್ಪಂಗೆ ದಿನಾ ಕೊಡ್ತೀನಲ್ಲ, ಅದು."

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ.

"ಅಪ್ಪಂಗೆ ಬೋರ್‌ವೆಲ್ ನೀರು ಕೊಡ್ತಿದ್ಯಾ?"

"ಮತ್ತಿನ್ನೇನ್ ಕೊಡ್ಲೇ? ನೀರ್ ಸರಿ ಇಲ್ಲ ಅಂತ ಮನೆ ಮೇಲೆ ಕೆಳಗೆ ಮಾಡ್ತಾರೆ ಅಂತ ಮೊದಲ್ನೇ ದಿನದಿಂದ ಅದ್ನೇ ಚೊಂಬಿಗೆ ಹಾಕಿ ಇಡ್ತಾವ್ನಿ. ಮೆಲ್ಲಗ್ ಮಾತಾಡೇ, ಹೊರಗೆ ಕೇಳುಸ್ತದೆ!"

ಅಯ್ಯೋ ದೇವರೇ! ಕೂಸು, ಅತ್ತಿಗೆ ಬಿಟ್ಟರೆ ಮನೆಗೆಲ್ಲ ಒಬ್ಬರೇ ಒಬ್ಬರು ಒಳ್ಳೆಯ ನೀರು ಕುಡಿಯುತ್ತಿದ್ದದ್ದು ಅಪ್ಪ. ಯಜಮಾನರ ಸಿಟ್ಟಿಗೆ ಹೆದರಿ, ಯಜಮಾನರಿಗೆ ಏನೂ ಗೊತ್ತಾಗದ ಹಾಗೆ ಅಮ್ಮ ನೋಡಿಕೊಂಡಿದ್ದರು. ಸಾರಿಗೆ ಹುಣಸೆಹಣ್ಣು ಜಾಸ್ತಿ ಹಿಂಡಿ, ಕಾಫಿಗೆ ಡಿಕಾಕ್ಷನ್ ಗಟ್ಟಿ ಮಾಡಿ. ಅಪ್ಪ ಪಾಪ, ಆ ಚೊಂಬಿನ ನೀರನ್ನು ನಂಬಿಕೊಂಡು ಊರಿಗೆಲ್ಲ ಎದೆ ತಟ್ಟಿ ಹೇಳುತ್ತಿದ್ದರು. ಚಾಚಿಯನ್ನೂ ಅದೇ ನಂಬಿಕೆಯಲ್ಲಿ ಕಳಿಸಿದ್ದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಮೇಲೆ ಬೆಂಕಿಯ ಹಾಗೆ ಸಿಟ್ಟು ಎದ್ದಿತು. ನೆಂಟರಿಗೆ ಕೊಡಲಾಗದ ನೀರನ್ನು ನಾವು ಯಾಕೆ ಕುಡಿಯಬೇಕು? ಕೂಸು ಸಾಯುವ ಹಾಗಾದಾಗ ಮುಚ್ಚಿಟ್ಟದ್ದನ್ನು ಇವರ ಮುಂದೆ ಯಾಕೆ ಮುಚ್ಚಿಡಬೇಕು?

ಹಂಡೆಯಲ್ಲಿದ್ದದ್ದು ಕಾಯಿಸಿ ಸೋಸಿದ ನೀರು. ನಾನು ಅದನ್ನೂ ಮುಟ್ಟಲಿಲ್ಲ. ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿ, ಸುತ್ತಿಕೊಂಡು ಬಾವಿಗೆ ಬಂದು, ಬಿಂದಿಗೆ ಇಳಿಸಿ, ಹೊಸದಾಗಿ ಸೇದಿ, ಚೊಂಬು ತುಂಬಿಸಿ, ನಡುಮನೆಗೆ ತಂದು ಸೋದರಮಾವನ ಕೈಗೆ ಕೊಟ್ಟೆ. ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದರು.

ಆ ಮನುಷ್ಯ ಮಾತಿನ ಭರದಲ್ಲಿ ಚೊಂಬೆತ್ತಿ ಬಾಯಿಗೆ ಸುರಿದುಕೊಂಡರು. ಮರುಗಳಿಗೆಯೇ ಎದ್ದು ಓಡಿ, ಜಗಲಿಯಿಂದಾಚೆ ಉಗಿದರು.

"ಥೂ! ಏನ್ರೀ ಇದು, ಕೊಟ್ಟಿಗೆ ತೊಳೆದ ನೀರಾ?"

ಅಪ್ಪನ ಮುಖ ಕೆಂಪಾಯಿತು. "ಏನ್ ಮಾತಾಡ್ತಿದ್ದೀರ ನೀವು? ನಮ್ ಬಾವಿ ನೀರಿಗೆ ಅಂಗನ್ನೋರು ಯಾರೂ ಇಲ್ಲ. ತತ್ತಾ ಇಲ್ಲಿ!" ಎಂದು ಚೊಂಬು ಕಿತ್ತುಕೊಂಡು, ಎಲ್ಲರ ಎದುರಿಗೂ ಗಟಗಟನೆ ಕುಡಿದರು. ಎರಡು ಗುಟುಕು ಇಳಿಯಿತು. ಮೂರನೆಯದು ಬಾಯಲ್ಲೇ ಉಳಿಯಿತು. ಉಗಿಯಲಿಲ್ಲ. ಅಷ್ಟು ಜನರ ಮುಂದೆ ಹೇಗೆ ಉಗಿಯುತ್ತಾರೆ? ಕಣ್ಣು ಮುಚ್ಚಿ ನುಂಗಿದರು. ಚೊಂಬನ್ನು ನೆಲದ ಮೇಲಿಟ್ಟು, ಅಡಿಗೆಮನೆಯ ಬಾಗಿಲ ಕಡೆ ನೋಡಿದರು. ಅಮ್ಮ ಒಳಗೆ ಸರಿದರು.

ಗಂಡಿನ ಕಡೆಯವರು ಉಪ್ಪಿಟ್ಟು ಮುಟ್ಟಲಿಲ್ಲ. ಹೇಳಿ ಕಳಿಸುತ್ತೇವೆ ಎಂದು ಹೋದರು, ಹೇಳಿ ಕಳಿಸಲಿಲ್ಲ. ನನಗೆ ಎಳ್ಳಷ್ಟೂ ಬೇಜಾರಾಗಲಿಲ್ಲ, ಇವತ್ತಿಗೂ ಆಗಿಲ್ಲ. ತಿಪ್ಪೆ ನೋಡಿ ಬಂದವರು ನೀರು ನೋಡಿ ಹೋದರು, ಸರಿಯೇ ಆಯಿತು.

ಅಪ್ಪ ನನ್ನನ್ನು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಅಮ್ಮನನ್ನೂ ಏನೂ ಅನ್ನಲಿಲ್ಲ. ಸಂಜೆಯ ತನಕ ಜಗಲಿಯ ಮೇಲೆ ಕೂತಿದ್ದು, ಕೊನೆಗೆ ನನ್ನನ್ನು ಕರೆದರು.

"ಕೂಸಿಗೆ ಇದೇ ನೀರಿಂದ ಆಗಿದ್ದಾ?"

"ಊಂ."

"ಪಕ್ಕದ್ಮನೆಯೋರೂ ಇದಕ್ಕೇ ಬರಲ್ವಾ?"

"ಅವ್ರು ಎದುರಿಗೇ ನಿಂತು ಹೇಳುದ್ರಲ್ಲಪ್ಪ. ನೀನು ಕಿವಿಗೆ ಆಕ್ಕೊಂಡ್ಯಾ?"

ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಮುಖ ಒರೆಸುವಂತೆ ಕಣ್ಣೊರೆಸಿಕೊಂಡರು ಎಂದು ನನಗೆ ಗೊತ್ತಾಯಿತು.

ಮಾರನೇ ದಿನವೇ ಎತ್ತಿನ ಗಾಡಿ ಹೂಡಿದರು. ಅಮ್ಮ ಅಡ್ಡ ಬಂದರು. ದೀಪಾವಳಿಗೆ ತಿಪ್ಪೆಯ ಮೇಲೆ ದೀಪ ಇಟ್ಟು ಪೂಜೆ ಮಾಡುವ ಮನೆ ನಮ್ಮದು, ಲಕ್ಷ್ಮಿಯನ್ನು ಜಾಗ ಬಿಟ್ಟು ಎಬ್ಬಿಸಬಾರದು ಎಂದರು. "ಲಕ್ಷ್ಮಿಗೆ ಕಾಲಿಲ್ವೇನೇ? ಹಿಂದ್ಗಡೆಗೆ ನಡ್ಕೊಂಡ್ ಬರ್ತಾಳೆ ಬುಡು," ಎಂದರು ಅಪ್ಪ. ಎಷ್ಟೋ ದಿನದ ಮೇಲೆ ಮನೆಯಲ್ಲಿ ಎಲ್ಲರೂ ನಕ್ಕೆವು. ಅಪ್ಪ ಗ್ರಾಮಸೇವಕರನ್ನು ತಾವೇ ಹೋಗಿ ಕರೆತಂದರು. ಮನೆಯ ಹಿಂದೆ, ಬಾವಿಗೂ ದೂರ, ಕೆರೆಗೆ ಹೋಗುವ ಕಾಲುವೆಗೂ ದೂರ, ನೀರು ಹರಿಯದ ಮಟ್ಟಸವಾದ ಜಾಗ ನೋಡಿ ಗುಂಡಿ ತೆಗೆದರು. ತಳಕ್ಕೆ ಕೆರೆಯ ಜೇಡಿಮಣ್ಣು ತಂದು ಬಡಿದರು, ಸುತ್ತ ಬದು ಕಟ್ಟಿದರು, ಮೇಲೆ ತೆಂಗಿನ ಗರಿಯ ಹೊದಿಕೆ. ನಾನೂ ಅತ್ತಿಗೆಯೂ ಮಂಕರಿ ಹೊತ್ತೆವು. ಮೈಗೆ ಹತ್ತಿದ ವಾಸನೆ ಎಷ್ಟು ಸೀಗೆಪುಡಿ ಹಾಕಿ ಉಜ್ಜಿದರೂ ಹೋಗಲಿಲ್ಲ.

ಬಾವಿ ಅಷ್ಟು ಸುಲಭಕ್ಕೆ ಸರಿಹೋಗುತ್ತದೆಯೇ? ಅದನ್ನು ಖಾಲಿ ಮಾಡಬೇಕಿತ್ತು. ಅಪ್ಪ ಬಿಗುಮಾನ ಬಿಟ್ಟು ಚಾಚಿಯ ಮನೆ ಬಾಗಿಲಿಗೆ ಹೋಗಿ ನಿಂತರು.

"ನೀವು ಅವತ್ತು ಹೇಳಿದ್ದು ನಿಜ ಕಣಮ್ಮ. ಪಂಪು ಒಂದು ಬೇಕಾಗಿತ್ತು."

ಚಾಚಿ ಒಳಗಿನಿಂದಲೇ, "ಪಂಪ್ ತಗೊಂಡ್ ಹೋಗಿ ಅಣ್ಣಾ, ಇವ್ರೇ ಬಂದು ಕೂರಿಸ್ತಾರೆ. ಆದ್ರೆ ಕುಡಿಯೋ ಮಾತು ಈಗ್ಲೇ ಬೇಡ, ಆಮೇಲೆ ನೋಡೋಣ," ಎಂದರು. ಆಡಿದ್ದು ನಗುತ್ತಲೇ, ಆದರೆ ಮಾತು ಮಾತೇ.

ಅವರ ಯಜಮಾನರು ಪಂಪು ತಂದು ಕೂರಿಸಿದರು. ಆ ಕೆಟ್ಟ ನೀರನ್ನು ಕಾಲುವೆಗೆ ಬಿಟ್ಟರೆ ಸೀದಾ ಕೆರೆಗೆ ಹೋಗುತ್ತದೆಂದು, ಅಪ್ಪ ಪೈಪು ಎಳೆದು ಬೆಳೆದು ನಿಂತ ರಾಗಿ ಹೊಲಕ್ಕೆ ಬಿಡಿಸಿದರು. ತಳದ ಹೂಳು ಎತ್ತಿದರು, ಕಲ್ಲಿನ ಸಂದಿಗಳಿಗೆ ಗಾರೆ ಮೆತ್ತಿಸಿದರು. ಹೊಸ ನೀರು ಬಂತು. ಮೂಸಿದರೆ ಇನ್ನೂ ವಾಸನೆ. ಮತ್ತೆ ಖಾಲಿ ಮಾಡಿದರು. ನೆಲವೇ ಆ ರಸ ಕುಡಿದಿದೆ, ಅದು ತೊಳೆದು ಹೋಗಲು ಒಂದು ಮಳೆಗಾಲವಾದರೂ ಬೇಕು ಎಂದರು ಗ್ರಾಮಸೇವಕರು. ಈ ಸಲ ಅಪ್ಪ ಅವರಿಗೆ ಎದುರಾಡಲಿಲ್ಲ.

ಆ ವರ್ಷದಿಂದ ನಮ್ಮ ಹೊಲಕ್ಕೆ ಗೊಬ್ಬರ ಹೊಡೆಯುವ ರೀತಿಯೇ ಬದಲಾಯಿತು. ಮೊದಲೆಲ್ಲ ಯುಗಾದಿ ಕಳೆದ ಮೇಲೆ ಗಾಡಿಯಲ್ಲಿ ತಂದು ಹೊಲದ ತುಂಬ ಗುಪ್ಪೆ ಗುಪ್ಪೆ ಸುರಿದು, ಮಳೆ ಬರಲಿ ಎಂದು ಬಿಟ್ಟುಬಿಡುತ್ತಿದ್ದರು. ಮಳೆ ಜೋರಾಗಿ ಹೊಡೆದರೆ ಅರ್ಧ ಕೆರೆ ಪಾಲು. ಈಗ ಅಪ್ಪ ಬೆಳಿಗ್ಗೆ ಎದ್ದು ಮೊದಲು ಆಕಾಶ ನೋಡುತ್ತಿದ್ದರು. ಮೋಡ ಕಟ್ಟಿದ್ದರೆ ಗಾಡಿ ಹೂಡುತ್ತಿರಲಿಲ್ಲ. ಸಂಜೆಯೊಳಗೆ ಉತ್ತು ಮಣ್ಣಿಗೆ ಸೇರಿಸಲು ಆಗುವಷ್ಟನ್ನೇ ತರುತ್ತಿದ್ದರು, ಅದಕ್ಕಿಂತ ಒಂದು ಮಂಕರಿ ಜಾಸ್ತಿ ಇಲ್ಲ. ಕಾಲುವೆಯ ಪಕ್ಕ ಒಂದಿಷ್ಟು ಅಗಲಕ್ಕೆ ಗರಿಕೆ ಬೆಳೆಯಲು ಬಿಟ್ಟು, ಅಲ್ಲಿಗೆ ಗೊಬ್ಬರ ಸೋಕಿಸುತ್ತಿರಲಿಲ್ಲ. ಅಷ್ಟಕ್ಕೇ ಸುಮ್ಮನಿದ್ದರೆ ನಮ್ಮಪ್ಪ ಹೇಗಾದಾರು? ಬೇರೆಯವರ ಹೊಲದಲ್ಲಿ ಗುಪ್ಪೆ ಕಂಡರೆ ದಾರಿಯಲ್ಲಿ ನಿಂತು, "ಏನಯ್ಯಾ, ಕೆರೆಗೆ ಎಡೆ ಇಡ್ತಿದ್ಯಾ?" ಎಂದು ಕೂಗುತ್ತಿದ್ದರು. ಹುಡುಗರು ಬೆನ್ನ ಹಿಂದೆ 'ಗೊಬ್ಬರದ ಮೇಷ್ಟ್ರು' ಎಂದು ಆಡಿಕೊಂಡರು. ಆದರೆ ಆ ವರ್ಷದ ಹೂಕೋಸು ನೋಡಿ ಅದೇ ಹುಡುಗರ ಅಪ್ಪಂದಿರು ಬಂದು ಗುಂಡಿ ಹೇಗೆ ತೆಗೆದೆ ಎಂದು ಕೇಳಿಕೊಂಡು ಹೋದರು.

ಇನ್ನೊಂದು ಮಳೆಗಾಲ ಕಳೆಯಿತು. ಅಪ್ಪ ದಿನಾ ಬೆಳಿಗ್ಗೆ ತಾವೇ ಒಂದು ಬಿಂದಿಗೆ ಸೇದಿ, ಬೊಗಸೆಯಲ್ಲಿ ಹಿಡಿದು ನೋಡಿ, ಮೂಸಿ, ಕುಡಿದು, ಮುಖ ಸಿಂಡರಿಸಿ ಒಳಗೆ ಬರುತ್ತಿದ್ದರು. ಬರುಬರುತ್ತಾ ಸಿಂಡರಿಸುವುದು ಕಡಿಮೆಯಾಯಿತು. ಒಂದು ದಿನ ಕುಡಿದವರು ಇನ್ನೊಂದು ಬೊಗಸೆ ಕುಡಿದರು. ನಾನು ಓಡಿಹೋಗಿ ಕುಡಿದೆ. ತಣ್ಣಗೆ, ಸಿಹಿಯಾಗಿ, ಹಳೆಯ ನಮ್ಮ ಬಾವಿಯ ನೀರೇ! ಗ್ರಾಮಸೇವಕರು ಬಾಟಲಿಯಲ್ಲಿ ತುಂಬಿಸಿ ಪರೀಕ್ಷೆಗೆ ಕಳಿಸಿ, ಕುಡಿಯಬಹುದು ಎಂದು ತಿಳಿಸಿದರು. ಅತ್ತಿಗೆ ಅವತ್ತು ಬೇಳೆ ಬೇಯಿಸಿ, ಅಡಿಗೆಮನೆಯಿಂದಲೇ ಬೆಂದಿತು ಬೆಂದಿತು ಎಂದು ಕೂಗಿದರು.

ನೀರು ಸರಿಹೋಯಿತು, ಜನ ಬರಲಿಲ್ಲ. ಇದು ಅಪ್ಪನಿಗೆ ಬಹಳ ನೋವು ಮಾಡಿತು. ಬೆಳಿಗ್ಗೆ ಜಗಲಿಯ ಮೇಲೆ ಕೂತಿರುತ್ತಿದ್ದರು. ಹೆಂಗಸರು ಬಿಂದಿಗೆ ಹಿಡಿದು ಬಂದು, ನಮಸ್ಕಾರ ಎಂದು, ನಮ್ಮ ಮನೆ ದಾಟಿ ಬೋರ್‌ವೆಲ್ಲಿಗೆ ಹೋಗುತ್ತಿದ್ದರು. ನೀರು ಚೆನ್ನಾಗಿದೆ ಎಂದು ಹೇಳಬಾರದೇಕಪ್ಪ ಎಂದು ನಾನು ಕೇಳಿದರೆ, "ಆವತ್ತೂ ನಾನೇ ಹೇಳ್ದೆ ಚೆನ್ನಾಗೈತೆ ಅಂತ. ಇವತ್ತೂ ನಾನೇ ಹೇಳುದ್ರೆ ಯಾರಮ್ಮಿ ನಂಬ್ತಾರೆ?" ಎನ್ನುತ್ತಿದ್ದರು. ಚಾಚಿ ನನ್ನ ಜೊತೆ ಹರಟುವುದಕ್ಕೆ ಬರುತ್ತಿದ್ದರು, ಕೂಸನ್ನು ಎತ್ತಿ ಆಡಿಸುತ್ತಿದ್ದರು, ಬಿಂದಿಗೆ ತರುತ್ತಿರಲಿಲ್ಲ. ನಾನೂ ಕೇಳಲಿಲ್ಲ. ಹಾಗೆ ಕೇಳಿ ಬಲವಂತ ಮಾಡುವುದು ನನಗೆ ಇಷ್ಟವಿರಲಿಲ್ಲ.

ಮರುಬೇಸಿಗೆ ಬಂತು. ಆ ಸಲ ರಂಜಾನ್ ಉಪವಾಸ ಬಿರುಬಿಸಿಲಿನಲ್ಲಿ ಬಿದ್ದಿತ್ತು. ಚಾಚಿಯ ಮನೆಯಲ್ಲಿ ಎಲ್ಲರೂ ರೋಜಾ ಇರುತ್ತಿದ್ದರು, ಬೆಳಗಿನಿಂದ ಹೊತ್ತು ಮುಳುಗುವ ತನಕ ಒಂದು ಹನಿ ನೀರಿಲ್ಲ. ಅವರ ಯಜಮಾನರು ಬಿಸಿಲಲ್ಲಿ ಪಂಪು ಬಿಚ್ಚಿ, ತುಟಿ ಒಣಗಿ ಬಿಳಿಚಿಕೊಂಡು ಮನೆಗೆ ಬರುವುದನ್ನು ನೋಡಿದರೆ ನಮಗೇ ಬಾಯಾರುತ್ತಿತ್ತು. ಒಂದು ಸಂಜೆ, ಸೂರ್ಯ ಮುಳುಗುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ, ಚಾಚಿ ನಮ್ಮ ಅಂಗಳಕ್ಕೆ ಬಂದರು. ಸೊಂಟದ ಮೇಲೆ ಬಿಂದಿಗೆಯಿತ್ತು.

"ಅಣ್ಣಾ, ಬೋರ್‌ವೆಲ್ ಹತ್ರ ಉದ್ದ ಸಾಲು. ರೋಜಾ ಬಿಡೋ ಹೊತ್ತಾಯ್ತು. ಇಲ್ಲೇ ಒಂದು ಬಿಂದಿಗೆ ಸೇದ್ಕೊಳ್ಳಾ?"

ಬೋರ್‌ವೆಲ್ ಹತ್ತಿರ ಸಾಲಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅಪ್ಪ ಗಡಬಡಿಸಿ ಎದ್ದು, ಪಂಚೆ ಎತ್ತಿಕಟ್ಟಿ, ಅವರ ಕೈಯಿಂದ ಬಿಂದಿಗೆ ಇಸಿದುಕೊಂಡು ತಾವೇ ಸೇದಿದರು. ತುಳುಕುವ ಹಾಗೆ ತುಂಬಿಸಿ ಕೊಟ್ಟರು. ಚಾಚಿ ಹೋದರು. ಅಪ್ಪ ಜಗಲಿಗೆ ವಾಪಸು ಬರಲಿಲ್ಲ. ಕಟ್ಟೆಯ ಹತ್ತಿರವೇ ನಿಂತು ಚಾಚಿಯ ಮನೆ ಕಡೆ ನೋಡುತ್ತಿದ್ದರು. ಅಮ್ಮ ದೀಪ ಹಚ್ಚಿ ಕಾಫಿಗೆ ಕರೆದರು. ಅಪ್ಪ ಕೈ ಅಲ್ಲಾಡಿಸಿ ಬೇಡ ಎಂದರು. ಇಡೀ ದಿನ ಒಣಗಿದ ಗಂಟಲಿಗೆ ಮೊದಲು ಇಳಿಯುವ ನೀರು ನಮ್ಮ ಬಾವಿಯದು, ಅದು ಹೇಗಿರುತ್ತದೋ ಎಂದು ಅವರಿಗೆ ಪ್ರಾಣಸಂಕಟ. ನನಗೂ ಏನು ಕಡಿಮೆಯಿರಲಿಲ್ಲ, ಕಂಬ ಹಿಡಿದು ನಿಂತಿದ್ದೆ.

ಯಲಹಂಕದ ಕಡೆಯಿಂದ ಮಸೀದಿಯ ಕೂಗು ಗಾಳಿಯಲ್ಲಿ ತೇಲಿಬಂತು. ಚಾಚಿಯ ಮನೆಯೊಳಗೆ ಲೋಟಗಳ ಸದ್ದಾಯಿತು. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಅಪ್ಪ ಒಂದು ಸಲ ನನ್ನ ಕಡೆ ತಿರುಗಿ ನೋಡಿದರು.

ಬಾಗಿಲು ತೆರೆಯಿತು. ಚಾಚಿ ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತಾ, ಬಿಂದಿಗೆಯನ್ನು ಕೈಯಲ್ಲಿ ತಲೆಕೆಳಗಾಗಿ ಹಿಡಿದುಕೊಂಡು ನಮ್ಮ ಕಡೆಗೇ ಬರುತ್ತಿದ್ದರು.

"ಇವ್ರೊಬ್ರೇ ಕೂತಲ್ಲೇ ಅರ್ಧ ಬಿಂದಿಗೆ ಖಾಲಿ ಮಾಡಿದ್ರು ಅಣ್ಣಾ, ಉಳಿದಿದ್ದು ನಾವು," ಎಂದರು. "ಇನ್ನೊಂದು ಬೇಕಂತೆ."

ಅಪ್ಪ ಹಗ್ಗಕ್ಕೆ ಕೈ ಹಾಕಿದರು. ಅವಸರದಲ್ಲಿ ಹಾಕಿದ ಗಂಟು ಬಿಚ್ಚಿಕೊಂಡಿತು. ನಾನು ಹೋಗಿ ಹಾಕಿಕೊಟ್ಟೆ.

"ನಾಳೆ ಬೆಳಿಗ್ಗೆನೂ ಬರ್ತೀನಿ," ಎಂದರು ಚಾಚಿ, "ಆ ಕಡೆ ಮನೆಯೋರಿಗೂ ಹೇಳ್ತೀನಿ."